ಹೆಬ್ಬೆಟ್ಟಿನ ಗುರುತು ಮತ್ತು ಬ್ಯಾಂಕಿನ ಖಾತೆ

ಅಕ್ಷರ ಬಲ್ಲವನು ಸಹಿ ಹಾಕುವನು, ಬಾರದವನು ಹೆಬ್ಬೆಟ್ಟು ಒತ್ತುವನು ಎಂಬ ಭೇದವು ನಾಡಿನಲ್ಲಿ ಬಹುಕಾಲ ನಡೆದುಬಂದಿತು. ಸಹಿಯನ್ನು ನಕಲು ಮಾಡಬಹುದು, ಬೆರಳಿನ ಗೆರೆಗಳನ್ನು ನಕಲು ಮಾಡಲಾಗದು ಎಂಬ ನಂಬಿಕೆಯೂ ಅದರೊಡನೆ ಬೆಳೆಯಿತು. ಬಂಗಾಳದ ಜಂಗಿಪುರದಲ್ಲಿ 1858ರಲ್ಲಿ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿಯು ಕರಾರುಪತ್ರವೊಂದರ ಮೇಲೆ ಗುತ್ತಿಗೆದಾರನ ಅಂಗೈಯ ಅಚ್ಚನ್ನು ಪಡೆದದ್ದು ಈ ನಂಬಿಕೆಯ ಆರಂಭ ಎನ್ನಬಹುದು. 2001ರ ತಿದ್ದುಪಡಿಯಿಂದ ನೋಂದಣಿ ಕಾಯಿದೆಗೆ 32-ಎ ವಿಧಿ ಸೇರಿದ ಮೇಲಂತೂ, ಪಂಡಿತನಾಗಲಿ ಪಾಮರನಾಗಲಿ, ಆಸ್ತಿಪತ್ರದ ಮೇಲೆ ಭಾವಚಿತ್ರವನ್ನೂ ಬೆರಳಿನ ಗುರುತನ್ನೂ ಇಡುವುದು ಕಡ್ಡಾಯವಾಯಿತು.

ಆ ನಂಬಿಕೆಗೆ ಪೆಟ್ಟು ಬಿದ್ದುದು ತೆಲಂಗಾಣದಲ್ಲಿಯೇ. 2018ರ ಜೂನ್ ತಿಂಗಳಲ್ಲಿ ಪೆದ್ದಪಲ್ಲಿ ಜಿಲ್ಲೆಯ ಧರ್ಮಾರಂ ಊರಿನ ಸಿಮ್ ಕಾರ್ಡು ಮಾರಾಟಗಾರನೊಬ್ಬನನ್ನು ಪೊಲೀಸರು ಬಂಧಿಸಿದರು. ನೋಂದಣಿ ಇಲಾಖೆಯ ಜಾಲತಾಣದಲ್ಲಿದ್ದ ಭೂಪತ್ರಗಳಿಂದ ಅವನು ಹೆಬ್ಬೆಟ್ಟಿನ ಗುರುತುಗಳನ್ನು ತೆಗೆದು, ರಬ್ಬರ್ ಮುದ್ರೆ ಮಾಡುವ ಯಂತ್ರದಲ್ಲಿ ಅಚ್ಚು ಇಳಿಸಿ, ಪರರ ಹೆಸರಿನಲ್ಲಿ ಸಾವಿರಾರು ಸಿಮ್‌ಗಳನ್ನು ಚಾಲನೆಗೊಳಿಸಿದ್ದನು. ಅದಕ್ಕೆ ಕಾರಣ ಕೇವಲ ಮಾರಾಟದ ಗುರಿ ಮುಟ್ಟುವುದಾಗಿತ್ತಂತೆ! ಅದೇ ಉಪಾಯ ಹಣದಾಸೆಯುಳ್ಳವರ ಕೈಗೆ ಸಿಕ್ಕಲು ಹೆಚ್ಚು ಕಾಲ ಬೇಕಾಗಲಿಲ್ಲ. 2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಹಣ ಮಾಯವಾಗತೊಡಗಿತು. 'ಕಾವೇರಿ' ಜಾಲತಾಣದ ದಸ್ತಾವೇಜುಗಳತ್ತ ಪೊಲೀಸರ ತನಿಖೆ ತಿರುಗಿತು.

ಇದು ಸಾಧ್ಯವಾಗುವ ಬಗೆ ಸರಳವಾದುದು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ಪಡೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇವಿಷ್ಟೇ ಸಾಕು. ಗುಪ್ತಸಂಖ್ಯೆ ಬೇಡ, ದೂರವಾಣಿಗೆ ಬರುವ ಒ.ಟಿ.ಪಿ.ಯೂ ಬೇಡ. ಬ್ಯಾಂಕಿಲ್ಲದ ಹಳ್ಳಿಯ ವೃದ್ಧರಿಗೆ ಮನೆಬಾಗಿಲಲ್ಲಿ ಪಿಂಚಣಿ ದೊರೆಯಲೆಂದು ಮಾಡಿದ ಏರ್ಪಾಟಿದು. ಅದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಗುಪ್ತಸಂಖ್ಯೆ ಬಯಲಾದರೆ ಬದಲಿಸಬಹುದು, ಹೆಬ್ಬೆಟ್ಟನ್ನು ಬದಲಿಸುವುದೆಂತು?

ಹೈದರಾಬಾದಿನ ಕನ್ನಡಿಗರಿಗೆ ಈ ವಿಷಯ ವಿಶೇಷವಾಗಿ ಸಂಬಂಧಿಸಿದುದು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದು ರಾಜ್ಯದಲ್ಲಿಯೇ ಇದ್ದುವು. ಉದ್ಯೋಗಕ್ಕಾಗಿ ಇಲ್ಲಿ ನೆಲೆಸಿದ ಎಷ್ಟೋ ಮನೆತನಗಳಿಗೆ ಅಲ್ಲಿ ಇಂದಿಗೂ ಹೊಲವಿದೆ, ಪಿತ್ರಾರ್ಜಿತ ಮನೆಯಿದೆ. ಪಾಲುಪಟ್ಟಿ, ಕ್ರಯಪತ್ರಗಳೆಂದು ಎರಡು ರಾಜ್ಯಗಳ ಕಚೇರಿಗಳಲ್ಲಿಯೂ ಅವರ ಬೆರಳಿನ ಗುರುತು ಉಳಿದಿದೆ. ಗುರುತುಗಳನ್ನು ಮರೆಮಾಚಲು ಕರ್ನಾಟಕ ಸರ್ಕಾರವು ಕ್ರಮ ಕೈಗೊಂಡಿತಾದರೂ, ಮೊದಲೇ ಹೊರಬಿದ್ದ ನಕಲುಗಳನ್ನು ಯಾರೂ ಹಿಂದಕ್ಕೆ ತರಲಾರರು.

ಆದುದರಿಂದ ಬೆರಳಿಗೇ ಬೀಗ ಹಾಕುವುದು ಉತ್ತಮ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿಯಾಗಲಿ ಮೊಬೈಲಿನ ಆಪ್‌ನಲ್ಲಿಯಾಗಲಿ 'ಬಯೋಮೆಟ್ರಿಕ್ ಲಾಕ್' ಎಂಬ ಸೌಲಭ್ಯವಿದೆ, ಶುಲ್ಕವಿಲ್ಲ. ಅಗತ್ಯ ಬಿದ್ದಾಗ ಸ್ವಲ್ಪ ಹೊತ್ತು ತೆರೆದುಕೊಳ್ಳಬಹುದು. ಪಡಿತರದ ಅಂಗಡಿಯಲ್ಲಿ ಪ್ರತಿ ತಿಂಗಳೂ ಬೆರಳೊತ್ತುವ ತಾಯಿತಂದೆಯರಿಗೆ ಇದು ತುಸು ತೊಡಕಾದೀತು. ಬೀಗ ತೆರೆಯುವ ಕ್ರಮವನ್ನು ಅವರಿಗೆ ಮೊದಲೇ ಕಲಿಸಬೇಕು. ವಸತಿಗೃಹವೇ ಮೊದಲಾದ ಕಡೆಗಳಲ್ಲಿ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ 'ಮಾಸ್ಕ್ಡ್ ಆಧಾರ್' ಪ್ರತಿಯನ್ನು ಕೊಡುವುದು ಲೇಸು.

ಖಾತೆಯ ಹಣವಲ್ಲದೆ ಹೆಸರೂ ಕಳವಾಗುವುದುಂಟು. ಪ್ಯಾನ್ ಕಾರ್ಡಿನ ಪ್ರತಿಯೊಂದಿಗೆ ಬೇರೆಯವನು ಸಾಲ ಪಡೆದರೆ, ನಿಜವಾದ ವ್ಯಕ್ತಿಗೆ ಅದು ತಿಳಿಯುವುದು ಬಹುಮಟ್ಟಿಗೆ ಗೃಹಸಾಲದ ಅರ್ಜಿ ತಿರಸ್ಕೃತವಾದಾಗಲೇ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ಸಾಲಗಾರರ ಚರಿತ್ರೆಯನ್ನು ಬರೆದಿಡುತ್ತವೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2017ರಿಂದ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಮಧುಮೇಹದ ರಕ್ತಪರೀಕ್ಷೆಯನ್ನು ಮರೆಯದವರೂ ಇದನ್ನು ಮರೆಯುತ್ತಾರೆ. ಅರಿಯದ ಸಾಲ ಅದರಲ್ಲಿ ಕಂಡರೆ ಬರಹದಲ್ಲಿ ಆಕ್ಷೇಪಿಸಬೇಕು. ಮೂವತ್ತು ದಿನಗಳಲ್ಲಿ ಪರಿಹಾರವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರಧನವೆಂಬ ನಿಯಮ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು.

ಹಣ ಹೋದುದು ತಿಳಿದೊಡನೆ 1930 ಸಂಖ್ಯೆಗೆ ಕರೆಮಾಡಿ, ಬ್ಯಾಂಕಿಗೂ ಲಿಖಿತವಾಗಿ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯು, ಗ್ರಾಹಕನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದ ಪಕ್ಷದಲ್ಲಿ, ಮೂರು ಕೆಲಸದ ದಿನಗಳೊಳಗೆ ದೂರಿತ್ತವನಿಗೆ ನಷ್ಟದ ಹೊಣೆಯಿಲ್ಲವೆಂದು ವಿಧಿಸಿತು. ಆ ದಿನಗಳ ಎಣಿಕೆ ಬ್ಯಾಂಕಿನ ಸಂದೇಶ ಬಂದಲ್ಲಿಂದ ಆರಂಭ. ಊರಿನ ಶಾಖೆಯಲ್ಲಿರುವ ಹಳೆಯ ಖಾತೆಗೆ, ಹೈದರಾಬಾದಿಗೆ ಬಂದಮೇಲೆ ಕೈಬಿಟ್ಟ ದೂರವಾಣಿ ಸಂಖ್ಯೆಯೇ ಇನ್ನೂ ಜೋಡಣೆಯಾಗಿದ್ದರೆ ಆ ಸಂದೇಶ ಇನ್ನಾರದೋ ಕೈ ಸೇರುತ್ತದೆ. ಹಬ್ಬಕ್ಕೆ ಊರಿಗೆ ಹೋದಾಗ ಶಾಖೆಯಲ್ಲಿ ಅದನ್ನು ವಿಚಾರಿಸಿ ತಿದ್ದಿಸಿಕೊಳ್ಳಲು ಒಂದು ಅರ್ಜಿ ಸಾಕು.