ಚಾಪ್ಲಿನ್ ಆಗಲು ಏನು ಓದಬೇಕು?

ಬೆಂಗಳೂರಿನ ಎನ್.ಆರ್. ಕಾಲೋನಿ, ಬಸವನಗುಡಿಯ ಕಡೆ ಬೆಳೆದವರಿಗೆ ಪ್ರವಚನ, ಉಪನ್ಯಾಸ ಹೊಸದಲ್ಲ. ಡಿ.ವಿ.ಜಿ. ಅವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇಲ್ಲೇ ಬುಲ್ ಟೆಂಪಲ್ ರಸ್ತೆಯಲ್ಲಿದೆ; ರಾಮಕೃಷ್ಣ ಮಠವೂ ಅದೇ ರಸ್ತೆಯಲ್ಲಿದೆ. ಅಲ್ಲೆಲ್ಲ ಓದಿದವರು ಮಾತಾಡುತ್ತಾರೆ, ನಾವು ಕೇಳುತ್ತೇವೆ. ಚಾಪ್ಲಿನ್ ಕೆಲಸದಲ್ಲಿ ಇದು ತಿರುವುಮುರುವು. ಸಂಕಟದಲ್ಲಿರುವವರು ಮಾತಾಡುತ್ತಾರೆ, ಓದಿದವರು ಕೇಳುತ್ತಾರೆ. ಬರೀ ಕೇಳುವುದಕ್ಕೆ ಸ್ನಾತಕೋತ್ತರ ಓದು ಯಾಕೆ ಎಂದು ನಿಮಗೆ ಅನ್ನಿಸಿದರೆ, ಅದು ಸರಿಯಾದ ಪ್ರಶ್ನೆಯೇ.

ಮೊದಲು ಚಾಪ್ಲಿನ್ ಯಾರು ಎಂಬುದನ್ನು ತಿಳಿಯೋಣ. ಆಸ್ಪತ್ರೆ, ಸೇನೆ, ಜೈಲು, ವಿಶ್ವವಿದ್ಯಾಲಯ ಇಂಥ ಕಡೆ ನೇಮಕಗೊಂಡು, ಅಲ್ಲಿರುವವರ ಧಾರ್ಮಿಕ ಹಾಗೂ ಆಂತರಿಕ ಅಗತ್ಯಗಳನ್ನು ನೋಡಿಕೊಳ್ಳುವವರು ಚಾಪ್ಲಿನ್. ಚರ್ಚಿನ ಪಾದ್ರಿಗೆ ತನ್ನದೇ ಸಭೆಯಿದೆ, ಅರ್ಚಕರಿಗೆ ತಮ್ಮ ಗುಡಿಯ ಭಕ್ತರಿದ್ದಾರೆ. ಆಸ್ಪತ್ರೆಯ ಚಾಪ್ಲಿನ್‌ಗೆ ಹಾಗಿಲ್ಲ. ವಾರ್ಡಿನಲ್ಲಿ ಯಾವ ಜಾತಿ, ಯಾವ ಮತದವರು ಮಲಗಿದ್ದರೂ ಅವರು ಈತನ ಪಾಲಿನವರು. ದೇವರನ್ನೇ ನಂಬದವರೂ ಹೌದು. ಮತಾಂತರಕ್ಕೆ ಇಲ್ಲಿ ಜಾಗವಿಲ್ಲ. ಹಾಗೆ ಮಾಡುವವರು ಈ ವೃತ್ತಿಗೆ ತಕ್ಕವರಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಇದು ಕಲಿಸಿದರೆ ಬರುವ ವಿದ್ಯೆ ಎಂದು ತೋರಿಸಿಕೊಟ್ಟವರಲ್ಲಿ ಮುಖ್ಯರು ಅಮೆರಿಕದ ಪಾದ್ರಿ ಆ್ಯಂಟನ್ ಬಾಯ್ಸನ್. 1920ರಲ್ಲಿ ಅವರೇ ತೀವ್ರ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದರು. ವೈದ್ಯರಿಗೆ ಕಾಯಿಲೆ ಗೊತ್ತು, ರೋಗಿಯ ಧಾರ್ಮಿಕ ತಳಮಳ ಗೊತ್ತಿಲ್ಲ. ಪಾದ್ರಿಗಳಿಗೆ ಧರ್ಮ ಗೊತ್ತು, ಕಾಯಿಲೆ ಗೊತ್ತಿಲ್ಲ. ಈ ಕೊರತೆ ಅವರನ್ನು ಕಾಡಿತು. ಗುಣವಾದ ಮೇಲೆ 1924ರಲ್ಲಿ ವುಸ್ಟರ್ ಸರಕಾರಿ ಮಾನಸಿಕ ಆಸ್ಪತ್ರೆಯ ಚಾಪ್ಲಿನ್ ಆದರು. ಮರುವರ್ಷದ ಬೇಸಿಗೆಯಲ್ಲಿ ಧರ್ಮಶಾಸ್ತ್ರದ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆತಂದರು. ಗ್ರಂಥವನ್ನು ಓದುವಷ್ಟೇ ಶ್ರದ್ಧೆಯಿಂದ ಮನುಷ್ಯನನ್ನೂ ಓದಬೇಕು ಎಂಬುದು ಅವರ ನಿಲುವು. ಇವತ್ತು ಕ್ಲಿನಿಕಲ್ ಪಾಸ್ಟೋರಲ್ ಎಜುಕೇಷನ್, ಚಿಕ್ಕದಾಗಿ ಸಿ.ಪಿ.ಇ., ಎನ್ನುವ ತರಬೇತಿಯ ಬುನಾದಿ ಇದು. ಆಸ್ಪತ್ರೆಯಲ್ಲೇ ಇದ್ದು, ಅನುಭವಿ ಗುರುವಿನ ಮೇಲ್ವಿಚಾರಣೆಯಲ್ಲಿ ಕಲಿಯುವ ಪಾಠ ಎಂದು ಸದ್ಯಕ್ಕೆ ತಿಳಿದುಕೊಳ್ಳಿ.

ಸಿ.ಪಿ.ಇ.ಯ ಹೃದಯ ‘ವರ್ಬೇಟಿಮ್’ ಎಂಬ ಅಭ್ಯಾಸ. 1930ರ ದಶಕದಲ್ಲಿ ಬೋಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಚಾಪ್ಲಿನ್ ಆಗಿದ್ದ ರಸೆಲ್ ಡಿಕ್ಸ್ ಇದನ್ನು ಬೆಳೆಸಿದರು. ನೀವು ರೋಗಿಯ ಬಳಿ ಕೂತು ಬರುತ್ತೀರಿ. ಬಂದವರೇ ಅವರು ಹೇಳಿದ್ದು, ನೀವು ಹೇಳಿದ್ದು, ನಡುವೆ ಮೌನವಿದ್ದರೆ ಅದನ್ನೂ ನೆನಪಿದ್ದಷ್ಟು ಮಾತಿಗೆ ಮಾತು ಬರೆದಿಡುತ್ತೀರಿ. ಆಮೇಲೆ ಸಹಪಾಠಿಗಳ, ಗುರುಗಳ ಮುಂದೆ ಓದುತ್ತೀರಿ. ಸಂಗೀತ ಕಲಿಯುವವರು ತಮ್ಮ ಹಾಡಿಕೆಯನ್ನೇ ರೆಕಾರ್ಡ್ ಮಾಡಿ ಕೇಳಿದಂತೆ ಇದು. ಶ್ರುತಿ ಎಲ್ಲಿ ಜಾರಿತು ಎಂಬುದು ಆಗ ತಿಳಿಯುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕ್ಯಾನ್ಸರ್ ವಾರ್ಡಿನಲ್ಲಿ ಅಜ್ಜಿಯೊಬ್ಬರು, “ಯಾರಿಗೂ ಕೆಟ್ಟದ್ದು ಮಾಡಿದವಳಲ್ಲಪ್ಪ, ನನಗೇ ಯಾಕೆ ಹೀಗಾಯ್ತು?” ಎನ್ನುತ್ತಾರೆ. ನೀವು, “ಎಲ್ಲಾ ಪೂರ್ವಕರ್ಮ ಅಜ್ಜಿ, ದೇವರಿದ್ದಾನೆ, ಯೋಚನೆ ಮಾಡಬೇಡಿ” ಎನ್ನುತ್ತೀರಿ. ಅಜ್ಜಿ ಸುಮ್ಮನಾಗುತ್ತಾರೆ. ಸಮಾಧಾನವಾಯಿತು ಎಂದು ನೀವು ಎದ್ದು ಬರುತ್ತೀರಿ. ಗುರುಗಳು ಕೇಳುವುದು ಹೀಗೆ: ಆ ಉತ್ತರದಿಂದ ಯಾರ ದಿಗಿಲು ಕಡಿಮೆಯಾಯಿತು, ಅಜ್ಜಿಯದೋ ನಿಮ್ಮದೋ? ಅವರು ಕೇಳಿದ್ದು ಶಾಸ್ತ್ರದ ಸಂದೇಹವೋ, ಅಳಲೋ? “ಏನೇನು ನೆನಪಾಗ್ತಿದೆ ಅಜ್ಜಿ?” ಎಂದಿದ್ದರೆ ಮಾತು ಎಲ್ಲಿಗೆ ಹೋಗುತ್ತಿತ್ತು? ಹೇಳಲು ಬೇಕಾದಷ್ಟಿದ್ದರೂ ಹೇಳದೆ ಕೂರುವುದೇ ಈ ಓದಿನ ಅತಿ ಕಷ್ಟದ ಪಾಠ. ಪ್ರವಚನ ಕೇಳಿ ಬೆಳೆದ ನಮಗಂತೂ ಇದು ಇನ್ನೂ ಕಷ್ಟ.

ಈಗ ಎಲ್ಲಿ ಓದುವುದು ನೋಡೋಣ. ಬೆನ್ಸನ್ ಟೌನಿನ ಮಿಲ್ಲರ್ಸ್ ರಸ್ತೆಯಲ್ಲಿ 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ. ಮೊದಲು ಬಿ.ಡಿ., ಅಂದರೆ ಧರ್ಮಶಾಸ್ತ್ರದ ಪದವಿ. ಆಮೇಲೆ ಎರಡು ವರ್ಷದ ಎಂ.ಟಿ.ಎಚ್., ಅಂದರೆ ಸ್ನಾತಕೋತ್ತರ ಪದವಿ. ಇವುಗಳನ್ನು ಕೊಡುವುದು ಬಂಗಾಳದ ಸೆರಾಂಪೋರ್ ಕಾಲೇಜಿನ ಸೆನೆಟ್. ವಿಲಿಯಂ ಕೇರಿ ಮತ್ತು ಜೊತೆಗಾರರು 1818ರಲ್ಲಿ ಕಟ್ಟಿದ ಆ ಕಾಲೇಜಿಗೆ ಪದವಿ ನೀಡುವ ಅಧಿಕಾರ ಬಂದದ್ದು 1827ರಲ್ಲಿ, ಡೆನ್ಮಾರ್ಕಿನ ರಾಜನ ಸನ್ನದಿನಿಂದ! ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜೂ ಇದೇ ಸೆನೆಟ್ಟಿಗೆ ಸೇರಿದೆ. ವಾರ್ಡಿನ ತರಬೇತಿಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಹೆಸರಾದ ಜಾಗ.

ಸಂಸ್ಕೃತ ಓದಿದವರಿಗೆ ಸೇನೆಯ ದಾರಿಯಿದೆ. ಭಾರತೀಯ ಸೇನೆ ಪಂಡಿತ, ಗ್ರಂಥಿ, ಮೌಲವಿ, ಪಾದ್ರಿ, ಬೌದ್ಧ ಭಿಕ್ಷು ಹೀಗೆ ಧರ್ಮಗುರುಗಳನ್ನು ನಾಯಬ್ ಸುಬೇದಾರ್ ದರ್ಜೆಯಲ್ಲಿ ನೇಮಿಸುತ್ತದೆ. ಪಂಡಿತರ ಹುದ್ದೆಗೆ ಸಂಸ್ಕೃತದಲ್ಲಿ ಆಚಾರ್ಯ, ಇಲ್ಲವೇ ಶಾಸ್ತ್ರಿಯ ಜೊತೆಗೆ ಒಂದು ವರ್ಷದ ಕರ್ಮಕಾಂಡ ಡಿಪ್ಲೊಮಾ ಕೇಳುತ್ತಾರೆ. ನಮ್ಮ ಪಕ್ಕದ ಚಾಮರಾಜಪೇಟೆಯ ಕರ್ನಾಟಕ ಸಂಸ್ಕೃತ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವರು ಇದನ್ನು ಗಮನಿಸಬಹುದು. ಶ್ಲೋಕ ಮಾತ್ರ ಸಾಲದು. 1,600 ಮೀಟರನ್ನು 8 ನಿಮಿಷದಲ್ಲಿ ಓಡಬೇಕು!

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮಕ್ಕಳಿಗೂ ಈ ವೃತ್ತಿ ತೆರೆದಿದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2008ರಲ್ಲಿ ಹಿಂದೂ ಚಾಪ್ಲಿನ್ ಒಬ್ಬರನ್ನು ಪೂರ್ಣಾವಧಿಗೆ ನೇಮಿಸಿತು. 2011ರಲ್ಲಿ ಪ್ರತಿಮಾ ಧರ್ಮ್ ಅಲ್ಲಿನ ಸೇನೆಯ ಮೊದಲ ಹಿಂದೂ ಚಾಪ್ಲಿನ್ ಆದರು. ಅಲ್ಲಿನ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಚಾಪ್ಲಿನ್‌ಗಳ ವೃತ್ತಿ ಮಂಡಳಿಯ ಮಾನ್ಯತೆ ಬೇಕಾದರೆ ಸಾಮಾನ್ಯವಾಗಿ 72 ಕ್ರೆಡಿಟ್‌ಗಳ ಸ್ನಾತಕೋತ್ತರ ಪದವಿ, ಸಿ.ಪಿ.ಇ.ಯ 4 ಘಟಕಗಳು, ಅದರ ಮೇಲೆ 2,000 ಗಂಟೆಗಳ ಕೆಲಸ ಬೇಕು. ಒಂದು ಘಟಕವೆಂದರೆ ಸುಮಾರು 400 ಗಂಟೆ.

ನಮ್ಮಲ್ಲಿ ಹುದ್ದೆಗಳು ಕಡಿಮೆ, ಹೆಚ್ಚಿನವು ಮಿಷನ್ ಆಸ್ಪತ್ರೆಗಳಲ್ಲಿ. ಇದನ್ನು ಬಚ್ಚಿಟ್ಟು ನಿಮ್ಮನ್ನು ಹುರಿದುಂಬಿಸುವುದು ಸರಿಯಲ್ಲ. ಆದ್ದರಿಂದ ಅರ್ಜಿ ತುಂಬುವ ಮೊದಲು ಒಂದು ಕೆಲಸ ಮಾಡಿ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಕರುಣಾಶ್ರಯದಂಥ ಕಡೆ ವಿಚಾರಿಸಿ, ಅವರು ಒಪ್ಪಿದರೆ ಕೆಲವು ತಿಂಗಳು ಸ್ವಯಂಸೇವಕರಾಗಿ ಹೋಗಿಬನ್ನಿ. ಆಮೇಲೂ ಮನಸ್ಸು ಬದಲಾಗದಿದ್ದರೆ ಅರ್ಜಿ ಹಾಕಿ.