ಮಗುವಾಗಿಲ್ಲವೇ? ಗಂಡನ ಪರೀಕ್ಷೆಯೂ ಆಗಲಿ

"ಮದುವೆಯಾಗಿ ಐದು ವರ್ಷವಾಯಿತು ಡಾಕ್ಟ್ರೇ, ಇವಳಿಗಿನ್ನೂ ಮಕ್ಕಳಾಗಿಲ್ಲ" ಎಂದು ಸೊಸೆಯನ್ನು ಕರೆತರುವ ಅತ್ತೆಯರನ್ನು ನಾನು ಆಗಾಗ ನೋಡುತ್ತೇನೆ. ಕೈಯಲ್ಲಿ ಸ್ಕ್ಯಾನಿಂಗ್, ರಕ್ತಪರೀಕ್ಷೆಗಳ ದಪ್ಪ ಫೈಲು. ಅದರಲ್ಲಿ ಇಲ್ಲದಿರುವುದು ಒಂದೇ ಕಾಗದ: ಗಂಡನ ವೀರ್ಯ ಪರೀಕ್ಷೆಯ ವರದಿ!

ಗರ್ಭನಿರೋಧಕ ಬಳಸದೆ ಒಂದು ವರ್ಷ ಸಂಸಾರ ಮಾಡಿದರೂ ಗರ್ಭ ನಿಲ್ಲದಿದ್ದರೆ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳೇ ಸಾಕು. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಸಿನ ತೊಂದರೆಗೂ ಪಾಲಿರುತ್ತದೆ. ಪುರುಷತ್ವಕ್ಕೆ ಕೊರತೆಯಿಲ್ಲ ಎಂದ ಮಾತ್ರಕ್ಕೆ ವೀರ್ಯಾಣುಗಳು ಸಾಕಷ್ಟಿವೆ ಎಂದು ತಿಳಿಯಬಾರದು.

ವೀರ್ಯ ಪರೀಕ್ಷೆಗೆ ನೋವಿಲ್ಲ, ಖರ್ಚೂ ಕಡಿಮೆ. ಅದಕ್ಕೆ ಮೊದಲು 2ರಿಂದ 7 ದಿನ ವೀರ್ಯಸ್ಖಲನ ಆಗದಂತೆ ಇರಬೇಕು, ಅಷ್ಟೆ. ವರದಿ ಸರಿಯಿಲ್ಲದಿದ್ದರೆ ಎದೆಗುಂದಬೇಡಿ. ಜೋರು ಜ್ವರ ಬಂದುಹೋದರೂ ಕೆಲವು ವಾರ ಸಂಖ್ಯೆ ಇಳಿಯಬಹುದು. ಆದ್ದರಿಂದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ಧೂಮಪಾನ, ಅತಿಯಾದ ಮದ್ಯ, ಮೈಕಟ್ಟಿಗೆಂದು ತೆಗೆದುಕೊಳ್ಳುವ ಟೆಸ್ಟೋಸ್ಟಿರಾನ್ ಚುಚ್ಚುಮದ್ದು ಇವೂ ವೀರ್ಯಾಣುಗಳಿಗೆ ಹಾನಿಕರ.

ಇಷ್ಟಾದ ಮೇಲೆ ಚಿಕಿತ್ಸೆಯ ಮಾತು. ಎಲ್ಲರಿಗೂ 'ಪ್ರನಾಳ ಶಿಶು' ವಿಧಾನವೇ ಬೇಕಿಲ್ಲ. ಅಂಡಾಣು ಸರಿಯಾಗಿ ಬಿಡುಗಡೆಯಾಗದವರಲ್ಲಿ ಅನೇಕರಿಗೆ ಮಾತ್ರೆಗಳೇ ಸಾಕಾಗುತ್ತವೆ. ಅಂಡನಾಳಗಳು ಮುಚ್ಚಿದ್ದರೆ ಅಥವಾ ಬೇರೆ ಚಿಕಿತ್ಸೆ ಫಲಿಸದಿದ್ದರೆ ಐ.ವಿ.ಎಫ್. ಮಾಡುತ್ತಾರೆ. ಈ ವಿಧಾನದಿಂದ ಜಗತ್ತಿನ ಮೊದಲ ಮಗು ಹುಟ್ಟಿದ್ದು 1978ರ ಜುಲೈ 25ರಂದು, ಇಂಗ್ಲೆಂಡಿನಲ್ಲಿ. ಸುಮಾರು 10-12 ದಿನ ಚುಚ್ಚುಮದ್ದು ಕೊಟ್ಟು ಅಂಡಾಣುಗಳನ್ನು ಬೆಳೆಸಿ, ಹೊರತೆಗೆದು, ಪ್ರಯೋಗಾಲಯದಲ್ಲಿ ವೀರ್ಯಾಣುಗಳೊಡನೆ ಸೇರಿಸುತ್ತಾರೆ. ಮೂರರಿಂದ ಐದು ದಿನದ ಭ್ರೂಣವನ್ನು ಗರ್ಭಕೋಶದಲ್ಲಿ ಇಡುತ್ತಾರೆ.

ವೀರ್ಯಾಣುಗಳು ತೀರಾ ಕಡಿಮೆಯಿದ್ದರೆ, 1992ರಿಂದ ಬಳಕೆಗೆ ಬಂದ 'ಇಕ್ಸಿ' ವಿಧಾನವಿದೆ. ಇಲ್ಲಿ ಒಂದೇ ವೀರ್ಯಾಣುವನ್ನು ಸೂಕ್ಷ್ಮ ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುತ್ತಾರೆ. ಆದರೆ ಒಂದು ಮಾತು ಮರೆಯಬೇಡಿ. ತೊಂದರೆ ಗಂಡನದಾದರೂ ಚುಚ್ಚುಮದ್ದು, ಅರಿವಳಿಕೆ ಎಲ್ಲವೂ ಹೆಂಡತಿಗೇ!

ಐ.ವಿ.ಎಫ್. ಪ್ರತಿ ಸಲವೂ ಫಲಿಸುವುದಿಲ್ಲ. ಹೆಂಡತಿಯ ವಯಸ್ಸು ಏರಿದಂತೆ ಯಶಸ್ಸು ಇಳಿಯುತ್ತದೆ. ಆದುದರಿಂದ 'ಖಂಡಿತ ಮಗು' ಎಂಬ ಜಾಹೀರಾತುಗಳನ್ನು ನಂಬಬೇಡಿ. 2021ರ ಕಾಯಿದೆಯಂತೆ ಕೇಂದ್ರವು ನೋಂದಣಿಯಾಗಿರಬೇಕು. ಚಿಕಿತ್ಸೆ ಪಡೆಯಲು ಹೆಂಗಸಿಗೆ 50, ಗಂಡಸಿಗೆ 55 ವರ್ಷದ ಮಿತಿಯಿದೆ.

ಹರಕೆ ಹೊರುವುದು ನಿಮ್ಮ ನಂಬಿಕೆಗೆ ಬಿಟ್ಟದ್ದು. ಆದರೆ ಸೊಸೆಯನ್ನು 'ಬಂಜೆ' ಎಂದು ಹಳಿಯುತ್ತಾ ವರ್ಷಗಳನ್ನು ಕಳೆಯಬೇಡಿ. ಕಳೆದ ವಯಸ್ಸನ್ನು ಯಾವ ವೈದ್ಯರೂ ಹಿಂದಕ್ಕೆ ತರಲಾರರು. ಮೊದಲ ಭೇಟಿಗೇ ಗಂಡ-ಹೆಂಡತಿ ಜೊತೆಯಾಗಿ ಬನ್ನಿ.