ಅವಳಿಗೊಂದು ಗಂಟೆ: ಸವಳಂಗ ರಸ್ತೆಯ ಶೆಡ್ಡುಗಳಿಗೆ ಹೊರಟವಳಿಗೆ ದೊಡ್ಡಮ್ಮನ ಕಿವಿಮಾತು

ಪುಟ್ಟಿ, ನೀನೂ ನಿನ್ನ ಕಾಲೇಜಿನ ನಾಲ್ವರು ಗೆಳತಿಯರೂ ಶಿವಮೊಗ್ಗದ ನವುಲೆಯಾಚೆ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಿಗೆ ಹೋಗಿ ಹೆಣ್ಣುಮಕ್ಕಳಿಗೆ ಪಾಠ ಹೇಳಿಕೊಡ್ತೀರಂತೆ. ನಿಮ್ಮಮ್ಮ ಹೇಳಿದಳು. ಒಳ್ಳೇದಾಯ್ತು. ಭದ್ರಾವತಿಯ ಸರ್ಕಾರಿ ಶಾಲೆಯಲ್ಲಿ ನಾನು ಹಾಜರಿ ಕರೆದವಳು. 2015ರಲ್ಲಿ ಪೇಪರ್ ಮಿಲ್ಲಿನ ಯಂತ್ರ ನಿಂತ ಮೇಲೆ ಗುತ್ತಿಗೆ ಕಾರ್ಮಿಕರ ಮನೆಗಳಿಂದ ಶಾಲೆಗೆ ಬರುವುದನ್ನು ಮೊದಲು ನಿಲ್ಲಿಸಿದ್ದು ಯಾರು ಅಂತ ಹಾಜರಿ ಪುಸ್ತಕದಲ್ಲೇ ಕಂಡಿದ್ದೇನೆ. ತಮ್ಮಂದಿರು ಬರುತ್ತಲೇ ಇದ್ದರು, ಅಕ್ಕಂದಿರು ಬರಲಿಲ್ಲ. ಬಡವರ ಮನೆಯ ಹುಡುಗನಿಗೆ ದುಡ್ಡಿರುವುದಿಲ್ಲ. ಹುಡುಗಿಗೆ ದುಡ್ಡೂ ಇಲ್ಲ, ಹೊತ್ತೂ ಇಲ್ಲ. ನೀವು ಅವಳಿಗೆ ದಿನಕ್ಕೊಂದು ಗಂಟೆ ಉಳಿಸಿಕೊಟ್ಟರೆ ಸಾಕು. ಅದಕ್ಕೆ ನನಗೆ ತೋಚಿದ್ದು ಇಷ್ಟು:

• ಮೊದಲ ವಾರ ಪುಸ್ತಕ ಒಯ್ಯಬೇಡ. ಅಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಒಲೆ ಎಷ್ಟು ಹೊತ್ತಿಗೆ ಹಚ್ಚುತ್ತಾರೆ, ಅಮ್ಮಂದಿರು ಕೆಲಸ ಬಿಡುವುದು ಯಾವಾಗ, ಇಷ್ಟು ಕೇಳಿಕೊಂಡು ಬಾ. ಪಾಠದ ವೇಳೆ ಅದರ ಮೇಲೆ ಗೊತ್ತಾಗಬೇಕು, ನಿಮ್ಮ ಕಾಲೇಜು ಬಿಡುವ ಹೊತ್ತಿನ ಮೇಲಲ್ಲ. ದಿನಾ ತಡವಾಗಿ ಬರುತ್ತಿದ್ದ ಹುಡುಗಿಯೊಬ್ಬಳನ್ನು ನಾನು ಎಷ್ಟೋ ದಿನ ಬಾಗಿಲ ಹೊರಗೆ ನಿಲ್ಲಿಸಿದ್ದೆ. ಒಂದು ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ಹಾದುಹೋಗುವಾಗ ನೋಡಿದೆ: ಕೊಡಗಳ ಸಾಲಿನಲ್ಲಿ ಎರಡು ಕೊಡ, ಅದರ ಹಿಂದೆ ಅವಳ ಶಾಲೆ ಚೀಲ. ಆವತ್ತಿನಿಂದ ಅವಳನ್ನು ಹೊರಗೆ ನಿಲ್ಲಿಸಲಿಲ್ಲ. ತಪ್ಪಾಯ್ತು ಅಂತ ಅವಳಿಗೆ ಹೇಳಲೂ ಇಲ್ಲ, ಅದು ಇನ್ನೂ ಚುಚ್ಚುತ್ತದೆ.

• ಸೊಂಟದ ಮೇಲೆ ತಂಗಿಯನ್ನೋ ತಮ್ಮನನ್ನೋ ಹೊತ್ತುಕೊಂಡೇ ಬರುತ್ತಾರೆ. ಬರಲಿ. ಒಬ್ಬಳು ಪಾಠ ಹೇಳುವಾಗ ಇನ್ನೊಬ್ಬಳು ಕೂಸುಗಳನ್ನು ಆಡಿಸಿ. ಕೂಸನ್ನು ಬಿಟ್ಟು ಬಾ ಅಂದರೆ ಅವಳೂ ಬರುವುದಿಲ್ಲ.

• ಅಡಿಕೆ ಕೊಯ್ಲು. ನಮ್ಮ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ಓದಿಗೆ ದೊಡ್ಡ ಶತ್ರು ಇದೇ ಅಂತ ನನ್ನ ಅಭಿಪ್ರಾಯ. ಶಾಲೆಗೆ ಅಕ್ಟೋಬರಿನಲ್ಲಿ ದಸರಾ ರಜೆ, ತೋಟಗಳಲ್ಲಿ ಅದೇ ಹೊತ್ತಿಗೆ ಹಸಿ ಅಡಿಕೆಯ ಕೊಯ್ಲು. ಫಸಲು ಗುತ್ತಿಗೆ ಹಿಡಿದ ಚೇಣಿದಾರರ ಮನೆಯಂಗಳದಲ್ಲಿ ರಾಶಿ ಬೀಳುತ್ತದೆ, ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಾರೆ, ಸುಲಿದಷ್ಟಕ್ಕೆ ಕೂಲಿ. ಅಮ್ಮನ ಪಕ್ಕ ಮಗಳು ಕೂತರೆ ಡಬ್ಬ ಬೇಗ ತುಂಬುತ್ತದೆ. ರಜೆಗೆ ಅಂತ ಕೂತವಳು ರಜೆ ಮುಗಿದ ಮೇಲೂ ಏಳುವುದಿಲ್ಲ. ಈಗ ಸುಲಿಯುವ ಯಂತ್ರ ಬಂದಿದೆ, ನಿಜ. ಹಾಗಂತ ಕೈಸುಲಿತ ನಿಂತಿಲ್ಲ. ಅದಕ್ಕೇ ರಜೆ ಮುಗಿದ ಮೊದಲ ದಿನ ಯಾರು ಶಾಲೆಗೆ ಹೋದರು, ಯಾರು ಹೋಗಲಿಲ್ಲ ಅಂತ ಪಟ್ಟಿ ಮಾಡು. ಒಂದು ವಾರ ಬಿಟ್ಟರೆ ಹದಿನೈದು ದಿನವಾಗುತ್ತದೆ, ಆಮೇಲೆ ನಾಚಿಕೆಗೇ ಅವಳು ಬರುವುದಿಲ್ಲ. ತಪ್ಪಿದ ಪಾಠ ಬರೆದಿಟ್ಟುಕೊಂಡಿರು, ಬೈಯಬೇಡ. ಇನ್ನೊಂದು, ಸಿಪ್ಪೆಯ ಚೊಗರಿಗೆ ಬೆರಳು ಕಪ್ಪಾಗಿರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಶಾಲೆಯಲ್ಲಿ ಕೈ ಬಚ್ಚಿಟ್ಟುಕೊಂಡು ಕೂರುತ್ತಾರೆ. ನೀನು ಆ ಕೈ ಹಿಡಿದೇ ಅಕ್ಷರ ತಿದ್ದಿಸು.

• ಟಿ.ಸಿ. ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಅಂತ ಯಾವ ಶಾಲೆಯಾದರೂ ತಿರುಗಿಸಿ ಕಳಿಸಿದರೆ ಸುಮ್ಮನೆ ಬರಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಕಾಗದ ಇಲ್ಲವೆಂದು ದಾಖಲಾತಿ ನಿರಾಕರಿಸುವಂತಿಲ್ಲ. ಮೆತ್ತಗೆ ಹೇಳು, ಆದರೆ ಹೇಳು. ಕೇಳದಿದ್ದರೆ ಬಿಇಒ ಕಚೇರಿಗೆ ಒಂದು ಅರ್ಜಿ ಬರೆದುಕೊಡು.

• ಕಾಗದ ಪತ್ರದ ಕೆಲಸ ಬೇಜಾರಿನದು, ಆದರೆ ನೀವು ಗಣಿತ ಹೇಳಿಕೊಡುವುದಕ್ಕಿಂತ ಹೆಚ್ಚು ಉಪಯೋಗ. ಅಮ್ಮನಿಗೆ ನಾಡಕಚೇರಿಗೆ ಹೋದರೆ ಅರ್ಧ ದಿನದ ಕೂಲಿ ಹೋಯಿತು. ನೀನು ಜೊತೆಗೆ ಹೋಗಿ ಜಾತಿ, ಆದಾಯ ಪ್ರಮಾಣಪತ್ರ ಒಂದೇ ಸಲಕ್ಕೆ ಆಗುವಂತೆ ನೋಡಿಕೋ. ಶಾಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇರುತ್ತದೆ, ವಿದ್ಯಾರ್ಥಿವೇತನ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯಾ ಅಂತಲೂ ನೋಡು. ಅಪ್ಪನಿಗೋ ಅಮ್ಮನಿಗೋ ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡ್ ಮಾಡಿಸು. ವರ್ಷದಲ್ಲಿ 90 ದಿನ ಕೆಲಸ ಮಾಡಿದ, 18ರಿಂದ 60 ವರ್ಷದವರಿಗೆ ಅದು ಸಿಗುತ್ತದೆ, ಮಕ್ಕಳ ಓದಿಗೆ ಸಹಾಯಧನವೂ ಅದರಿಂದಲೇ. ಮೇಸ್ತ್ರಿ ಮಾಡಿಸಿಕೊಡ್ತಾನೆ ಅಂತ ಕಾಯುತ್ತಾ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ.

• ಐದನೇ ತರಗತಿಯಲ್ಲಿರುವವರ ಹೆಸರು ಬೇರೆ ಬರೆದಿಡು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇರುತ್ತದೆ. ಊಟ, ಹಾಸಿಗೆ, ಓದು ಒಂದೇ ಕಡೆ. ನೀರಿನ ಸಾಲೂ ಇಲ್ಲ, ಸೊಂಟದ ಮೇಲೆ ಕೂಸೂ ಇಲ್ಲ. ಅರ್ಜಿಯ ಕೊನೇ ದಿನಾಂಕ ಅವರಿಗೆ ಯಾರೂ ಹೇಳುವುದಿಲ್ಲ.

• ಬಸ್ಸಿಗೆ ಶಕ್ತಿ ಯೋಜನೆ ಇದೆಯಲ್ಲ, ದುಡ್ಡು ಬೇಡ ಅಂತ ಹೇಳಿಬಿಡಬೇಡ. ಅದು ಸರ್ಕಾರಿ ಬಸ್ಸಿಗೆ ಮಾತ್ರ. ಶಿವಮೊಗ್ಗದ ಸಿಟಿ ಬಸ್ಸು ಹೆಚ್ಚಿನವು ಖಾಸಗಿ, ಕೈಯಲ್ಲಿ ಚಿಲ್ಲರೆ ಇಲ್ಲದಿದ್ದರೆ ನಡೆದೇ ಹೋಗಬೇಕು.

• ನೀವು ಹೋಗುವ ರಸ್ತೆಯಲ್ಲೇ ಮುಂದೆ ಹೋದರೆ ಸವಳಂಗ, ಅದರ ಹತ್ತಿರ ಸೂರಗೊಂಡನಕೊಪ್ಪ, ಸಂತ ಸೇವಾಲಾಲರು ಹುಟ್ಟಿದ ಊರು. ಶೆಡ್ಡುಗಳಲ್ಲಿ ಲಂಬಾಣಿ ಮನೆಗಳಿದ್ದರೆ ಫೆಬ್ರವರಿ ನಡುವಿನಲ್ಲಿ ಜಯಂತಿಗೆ ಹೊರಡುತ್ತಾರೆ. ಆ ವಾರ ಪರೀಕ್ಷೆ ಇಡಬೇಡ. ಬಳ್ಳಾರಿ, ರಾಯಚೂರು ಕಡೆಯವರ ಕನ್ನಡ ಕೇಳಿ ನಗಬೇಡಿ. ನೀವು ಒಂದು ಸಲ ನಕ್ಕರೆ ಆ ಹುಡುಗಿ ಮತ್ತೆ ಬಾಯಿ ಬಿಡುವುದಿಲ್ಲ.

• ಮುಟ್ಟಿನ ವಿಷಯ ಭಾಷಣ ಮಾಡಿ ಹೇಳುವಂಥದ್ದಲ್ಲ. ಬಟ್ಟೆ ಬದಲಿಸಲು ಮರೆ ಎಲ್ಲಿದೆ, ಒಗೆದದ್ದನ್ನು ಬಿಸಿಲಿಗೆ ಹಾಕಲು ಜಾಗವಿದೆಯಾ, ಶೌಚಕ್ಕೆ ಕತ್ತಲಾಗುವವರೆಗೆ ಕಾಯುತ್ತಾರಾ, ಇಷ್ಟನ್ನು ಒಬ್ಬೊಬ್ಬಳನ್ನೇ ಕೇಳು. ಶುಚಿ ಯೋಜನೆಯ ಪ್ಯಾಡು ಶಾಲೆಯಲ್ಲಿ ಸಿಗುತ್ತಿದೆಯಾ ಅಂತಲೂ ತಿಳಿದುಕೋ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಎಷ್ಟೋ ಮಕ್ಕಳು ಹೊಟ್ಟೆ ತೊಳಸುತ್ತದೆ ಅಂತ ಕಿಟಕಿಯಿಂದ ಎಸೆಯುತ್ತಾರೆ. ಬಿಸಿಯೂಟ ಆದ ಮೇಲೆ ತಗೋ ಅಂತ ಹೇಳು.

• ಫೋಟೋ ಬೇಡ. ಏನಾದರೂ ಹಂಚುವಾಗ ಬೇಡ, ಹುಟ್ಟುಹಬ್ಬಕ್ಕೂ ಬೇಡ. ನಿಮ್ಮ ಕಾಲೇಜಿನವರು ವರದಿಗೆ ಬೇಕು ಅಂದರೆ ಗೋಡೆಗೆ ಅಂಟಿಸಿದ ಅವರ ಚಿತ್ರಗಳ ಫೋಟೋ ಕೊಡು.

• ಒಬ್ಬಳಿಗೆ ಮಾತ್ರ ಚಪ್ಪಲಿ ಕೊಡಬೇಡ, ಅವಳಮ್ಮನಿಗೂ ಪಕ್ಕದ ಶೆಡ್ಡಿಗೂ ಜಗಳವಾಗುತ್ತದೆ. ನಾನು ಮಾಡಿ ಅನುಭವಿಸಿದ್ದೇನೆ.

• ಮದುವೆ. "ಊರಿಗೆ ಹೋಗ್ತೀವಿ ಅಕ್ಕ, ಜಾತ್ರೆ" ಅಂದವಳ ಕಣ್ಣು ನೋಡು. ಅನುಮಾನ ಬಂದರೆ ನೀನೇ ಹೋಗಿ ಅಪ್ಪನ ಹತ್ತಿರ ವಾದ ಮಾಡಬೇಡ. ಮರುದಿನ ಆ ಶೆಡ್ಡು ಖಾಲಿಯಾಗಿರುತ್ತದೆ. 1098ಕ್ಕೆ ಕರೆ ಮಾಡು, ಅಂಗನವಾಡಿ ಟೀಚರಿಗೂ ತಿಳಿಸು. ಹದಿನೆಂಟು ತುಂಬದ ಹುಡುಗಿಯ ಮದುವೆ ನಮ್ಮ ರಾಜ್ಯದಲ್ಲಿ ಮೊದಲಿನಿಂದಲೇ ಅಸಿಂಧು ಅಂತ ಕಾನೂನಿಗೆ ತಿದ್ದುಪಡಿಯಾಗಿದೆ. ಆ ಕುಟುಂಬ ಮಾತ್ರ ಸಾಲಕ್ಕೋ ಭಯಕ್ಕೋ ಈ ನಿರ್ಧಾರಕ್ಕೆ ಬಂದಿರುತ್ತದೆ. ದೊಡ್ಡ ಹುಡುಗಿಯನ್ನು ಬಾಗಿಲಿಲ್ಲದ ಶೆಡ್ಡಿನಲ್ಲಿ ಬಿಟ್ಟು ಕೆಲಸಕ್ಕೆ ಹೋಗುವ ಅಮ್ಮನ ಹೊಟ್ಟೆಯ ಸಂಕಟವನ್ನು ನಾವು ಅನುಭವಿಸಿಲ್ಲ, ಅವಳನ್ನು ಕೆಟ್ಟವಳು ಅನ್ನಬೇಡ.

• "ಯಾರಿಗೂ ಹೇಳಬೇಡಿ ಅಕ್ಕ" ಅಂತ ಶುರು ಮಾಡಿದರೆ, ಹೇಳಲ್ಲ ಅಂತ ಮಾತು ಕೊಡಬೇಡ. ಅವಳ ಮೈ ಮುಟ್ಟಿದವರ ವಿಷಯವಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ನೀನು ತಿಳಿಸಲೇಬೇಕು. "ಸಹಾಯ ಮಾಡುವವರಿಗೆ ಮಾತ್ರ ಹೇಳ್ತೀನಿ" ಅನ್ನು. ನಾಲ್ಕು ಜನ ಗೆಳತಿಯರೆದುರು ಆ ಕಥೆ ಬಿಚ್ಚಬೇಡ.

• ಕತ್ತಲಾದ ಮೇಲೆ ಒಬ್ಬಳೇ ಬರಬೇಡ, ಇಬ್ಬಿಬ್ಬರು ಹೋಗಿ. ಇದು ನಿಮ್ಮಮ್ಮ ಹೇಳಿಸಿದ್ದು, ಆದರೂ ಸರಿಯೇ.

• ನಿಮ್ಮ ಸೆಮಿಸ್ಟರ್ ಪರೀಕ್ಷೆಗೆ ಮೂರು ವಾರ ಬರುವುದಿಲ್ಲ ಅಂದರೆ ದಿನಾಂಕ ಹೇಳಿ ಹೋಗು, ಅದೇ ದಿನಾಂಕಕ್ಕೆ ವಾಪಸ್ ಬಾ. ಓದು ಮುಗಿಸಿ ಬೆಂಗಳೂರಿಗೆ ಹೊರಡುವಾಗ ಕಿರಿಯಳೊಬ್ಬಳನ್ನು ಕರೆತಂದು ಒಂದು ತಿಂಗಳು ಪಕ್ಕದಲ್ಲಿ ಕೂರಿಸಿಕೊಂಡಿದ್ದು ಆಮೇಲೆ ಬಿಡು. ಹಾಜರಿ ಪುಸ್ತಕ ಅವಳ ಕೈಗೆ ಹೋಗಲಿ. ರೂಲು ಹಾಕಿದ, ಇನ್ನೂರು ಪುಟದ್ದು ನನ್ನ ಟ್ರಂಕಿನಲ್ಲಿ ಒಂದಿದೆ, ಬಳಸಿಲ್ಲ. ಭಾನುವಾರ ಊಟಕ್ಕೆ ಬರ್ತೀಯಲ್ಲ, ತಗೊಂಡು ಹೋಗು.